ನೀರು ಕಾಯುವ ಊರು

ಹೊಸಪೇಟೆಯ ಪಡುವಲಲ್ಲಿ, ತುಂಗಭದ್ರಾ ಅಣೆಕಟ್ಟೆಯ ಬುಡದಲ್ಲಿ ಬೆಳೆದ ಪುಟ್ಟ ಊರು ಟಿ.ಬಿ. ಡ್ಯಾಂ. ಅಣೆಕಟ್ಟೆ ಕಟ್ಟಲು ಬಂದವರ ಬಿಡಾರವಾಗಿ ಹುಟ್ಟಿದ ಈ ಊರು, ಅದನ್ನು ಕಾಯುವವರ ನೆಲೆಯಾಗಿ ಉಳಿದಿದೆ.

ಕಾಮಗಾರಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು. ಆಗ ನದಿಯ ಬಲದಂಡೆ ಮದ್ರಾಸ್ ಪ್ರಾಂತಕ್ಕೂ, ಮುನಿರಾಬಾದ್ ಇರುವ ಎಡದಂಡೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೂ ಸೇರಿತ್ತು. ಮದ್ರಾಸ್ ಕಡೆಯ ಕೆಲಸದ ಮುಂದಾಳು ತಿರುಮಲೈ ಅಯ್ಯಂಗಾರ್. ಕಲ್ಲು ಒಡೆಯುವವರು, ಗಾರೆ ಹೊರುವವರು, ಬಡಗಿಗಳು, ಕಮ್ಮಾರರು ದೂರದೂರದಿಂದ ಬಂದು ಸೇರಿದರು. ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯಲ್ಲಿ ಕಲ್ಲು ಕೂರಿಸಿ, ಸುಮಾರು 2.4 ಕಿಲೋಮೀಟರ್ ಉದ್ದದ ಕಟ್ಟೆಯನ್ನು ಎಬ್ಬಿಸಿದರು. ಅದಕ್ಕೆ 33 ಕ್ರಸ್ಟ್ ಗೇಟುಗಳು. 1953ರಲ್ಲಿ ಕಾಲುವೆಗೆ ನೀರು ಹರಿಯಿತು.

ಈ ನೀರಿಗೆ ಬೇರೆಯವರು ಬೆಲೆ ತೆತ್ತಿದ್ದರು. ಜಲಾಶಯದ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. 50 ಸಾವಿರಕ್ಕೂ ಹೆಚ್ಚು ಜನ ಮನೆ, ಹೊಲ, ಗುಡಿಗಳನ್ನು ಬಿಟ್ಟು ಹೊರಟರು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು.

1953ರಲ್ಲೇ ಆಂಧ್ರ ರಾಜ್ಯ ರಚನೆಯಾಗಿ, ಹೊಸಪೇಟೆ ಮೈಸೂರು ರಾಜ್ಯಕ್ಕೆ ಸೇರಿತು. ಬಲದಂಡೆಯ ಕಾಲುವೆಗಳ ನೀರು ಎರಡು ರಾಜ್ಯಗಳಿಗೂ ಬೇಕಾಗಿತ್ತು. ಅದನ್ನು ಹಂಚಲು ಮತ್ತು ಅಣೆಕಟ್ಟೆ ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ಸ್ಥಾಪನೆಯಾಯಿತು. ಅದರ ಕಚೇರಿ ಇರುವುದು ಇದೇ ಊರಿನಲ್ಲಿ. ಅಣೆಕಟ್ಟೆಗೆ ಗೇಟು ತಯಾರಿಸುತ್ತಿದ್ದ ಇಲ್ಲಿನ ಕಾರ್ಯಾಗಾರ ಬೆಳೆದು, 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಯಾಗಿ, ಹಲವು ಅಣೆಕಟ್ಟೆಗಳಿಗೆ ಗೇಟು ಮಾಡಿಕೊಟ್ಟಿತು. ಆ ಕಾರ್ಖಾನೆ ಮುಚ್ಚಿದಾಗ ಊರಿನ ಅನ್ನದ ಒಂದು ದಾರಿಯೂ ಮುಚ್ಚಿತು.

ಕ್ವಾರ್ಟರ್ಸ್‌ಗಳ ಸಾಲಿನಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಮಾತಾಡುವವರು ಅಕ್ಕಪಕ್ಕದ ಮನೆಯವರಾದರು. ನೀರಿನ ಲೆಕ್ಕದಲ್ಲಿ ರಾಜ್ಯಗಳು ತಕರಾರು ಮಾಡಿಕೊಂಡಾಗಲೂ ಗೇಟು ಎತ್ತುವ, ಕಾಲುವೆ ನೋಡುವ, ಒಳಹರಿವು ಬರೆದಿಡುವ ಕೆಲಸವನ್ನು ಅವರು ಕೂಡಿಯೇ ಮಾಡಿದರು. ಮಲೆನಾಡಿನಲ್ಲಿ ಮಳೆ ಹಿಡಿದರೆ ಇಲ್ಲಿ ಕೆಲಸ ಏರುತ್ತದೆ. ಗೇಟು ತೆರೆದ ದಿನ ಸುತ್ತಲಿನ ಊರುಗಳ ಜನ ನೋಡಲು ಬರುತ್ತಾರೆ. ಮಿರ್ಚಿ, ಮಂಡಕ್ಕಿಯ ಅಂಗಡಿಗಳಿಗೆ ವ್ಯಾಪಾರವಾಗುತ್ತದೆ. ಮೀನುಗಾರರಿಗೆ ಹಿನ್ನೀರೇ ಹೊಲ.

ಈ ಊರಿನ ದುಡಿಮೆ ಏನೆಂಬುದು ನಾಡಿಗೆಲ್ಲ ತಿಳಿದದ್ದು 2024ರ ಆಗಸ್ಟ್ 10ರ ರಾತ್ರಿ. 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ನುಗ್ಗಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರರು, ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಹರಿವನ್ನು ತಡೆದರು. ರೈತರ ಬೆಳೆ ಉಳಿಯಿತು.

ಹೂಳು ತುಂಬಿ, ಆರಂಭದಲ್ಲಿ 133 ಟಿಎಂಸಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಕಟ್ಟಿದ್ದು ತನ್ನಷ್ಟಕ್ಕೆ ಉಳಿಯುವುದಿಲ್ಲ. ಎಣ್ಣೆ ಹಾಕುವ ಕೈ, ಚೈನು ಪರೀಕ್ಷಿಸುವ ಕಣ್ಣು ಪ್ರತಿ ತಲೆಮಾರಿಗೂ ಬೇಕು. ಆ ಕೈಗಳಿಗೆ ಕೆಲಸ, ಅವರ ಮಕ್ಕಳಿಗೆ ಶಾಲೆ, ವಾಸಕ್ಕೆ ಗಟ್ಟಿ ಮನೆ ಒದಗಿಸುವುದು ಅಣೆಕಟ್ಟೆಯ ರಕ್ಷಣೆಯದೇ ಭಾಗ. ತುಂಗಭದ್ರೆಯ ನೀರಿನಲ್ಲಿ ಬೆಳೆದ ಅನ್ನ ಉಣ್ಣುವವರೆಲ್ಲ ಹಳ್ಳಿ ಬಿಟ್ಟುಕೊಟ್ಟವರಿಗೂ, ನೀರು ಕಾಯುವವರಿಗೂ ಋಣಿಗಳು.