ಮರೆಯಲು ಒಪ್ಪದ ತಾಯಂದಿರು

(ಮಹಿಳಾ ಸ್ವಸಹಾಯ ಸಂಘಗಳ ವಲಯ ಸಮಾವೇಶದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಬೇಗ ಎದ್ದು ಮನೆಕೆಲಸ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದೀರಿ. ಉಳಿತಾಯ, ಸಾಲ, ಬ್ಯಾಂಕ್ ಲಿಂಕೇಜ್ ಬಗ್ಗೆ ಹೇಳುವವರು ನನ್ನ ನಂತರ ಬರ್ತಾರೆ. ನಾನು ಇವತ್ತು ಒಂದು ಊರಿನ ಕಥೆ ಹೇಳ್ತೇನೆ. ಊರಿನ ಹೆಸರು ಗ್ವಾಂಗ್‌ಜು. ಅದು ದಕ್ಷಿಣ ಕೊರಿಯಾದಲ್ಲಿದೆ. “ಕೊರಿಯಾ ಎಲ್ಲಿ, ನಾವೆಲ್ಲಿ?” ಅಂತ ನೀವು ಕೇಳಬಹುದು. ನಿಮ್ಮಲ್ಲಿ ಕೆಲವರ ಕೈಯಲ್ಲಿರುವ ಮೊಬೈಲು, ರಸ್ತೆಯಲ್ಲಿ ಓಡುವ ಎಷ್ಟೋ ಕಾರುಗಳು ಆ ದೇಶದ ಕಂಪೆನಿಗಳದ್ದೇ. ವಸ್ತು ನಮ್ಮ ಮನೆಗೆ ಬಂದಿದೆ, ಅಲ್ಲಿಯ ತಾಯಂದಿರ ಕಥೆ ಮಾತ್ರ ಇನ್ನೂ ಬಂದಿಲ್ಲ.

ನಡೆದದ್ದೇನು?

ದಕ್ಷಿಣ ಕೊರಿಯಾವನ್ನು 1961ರಿಂದ ಪಾರ್ಕ್ ಚುಂಗ್-ಹೀ ಎಂಬ ಸೇನಾಧಿಕಾರಿ ಆಳುತ್ತಿದ್ದ. 1979ರ ಅಕ್ಟೋಬರ್ 26ರಂದು ಅವನ ಗುಪ್ತಚರ ಇಲಾಖೆಯ ಮುಖ್ಯಸ್ಥನೇ ಅವನನ್ನು ಗುಂಡಿಟ್ಟು ಕೊಂದ. ಇನ್ನಾದರೂ ಚುನಾವಣೆ ಬರುತ್ತದೆ, ಬಾಯಿಬಿಟ್ಟು ಮಾತಾಡಬಹುದು ಎಂದು ಜನ ಆಸೆಪಟ್ಟರು. ಆದರೆ ಅದೇ ಡಿಸೆಂಬರ್ 12ರಂದು ಚುನ್ ಡೂ-ಹ್ವಾನ್ ಎಂಬ ಜನರಲ್ ಸೇನೆಯನ್ನು ತನ್ನ ಕೈಗೆ ತೆಗೆದುಕೊಂಡ. 1980ರ ಮೇ ತಿಂಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಬೀದಿಗಿಳಿದರು. ಅವರು ಕೇಳಿದ್ದು ಹೆಚ್ಚೇನೂ ಅಲ್ಲ: ಮಿಲಿಟರಿ ಆಡಳಿತ ತೆಗೆಯಿರಿ, ಪ್ರಜಾಪ್ರಭುತ್ವ ಕೊಡಿ. ಮೇ 17ರ ಮಧ್ಯರಾತ್ರಿ ಇಡೀ ದೇಶಕ್ಕೆ ಮಿಲಿಟರಿ ಕಾನೂನು ಹಾಕಿದರು. ಕಾಲೇಜುಗಳಿಗೆ ಬೀಗ ಬಿತ್ತು. ವಿರೋಧ ಪಕ್ಷದ ನಾಯಕ ಕಿಮ್ ಡೇ-ಜುಂಗ್ ಅವರನ್ನು ಹಿಡಿದು ಒಳಗೆ ಹಾಕಿದರು.

ಮಾರನೇ ದಿನ, ಮೇ 18, ಭಾನುವಾರ. ಗ್ವಾಂಗ್‌ಜುವಿನ ಚೊನ್ನಾಮ್ ವಿಶ್ವವಿದ್ಯಾಲಯದ ಗೇಟಿನ ಮುಂದೆ ವಿದ್ಯಾರ್ಥಿಗಳು ಸೇರಿದರು. ಗೇಟಿನಲ್ಲಿ ನಿಂತಿದ್ದವರು ಪೊಲೀಸರಲ್ಲ, ಯುದ್ಧಕ್ಕೆಂದು ತರಬೇತಿ ಪಡೆದ ಸೈನಿಕರು. ದೊಣ್ಣೆಯಲ್ಲಿ ತಲೆಗೆ ಹೊಡೆದರು. ವಿದ್ಯಾರ್ಥಿಗಳು ಪೇಟೆಯ ಕಡೆ ಓಡಿದರು, ಸೈನಿಕರು ಹಿಂದೆಯೇ ಬಂದರು. ಆಮೇಲೆ ವಿದ್ಯಾರ್ಥಿ ಯಾರು, ದಾರಿಹೋಕ ಯಾರು ಎಂದು ನೋಡಲಿಲ್ಲ. ಮೊದಲು ಪ್ರಾಣ ಬಿಟ್ಟವನು ಒಬ್ಬ ಕಿವುಡ ಯುವಕ. ಸೈನಿಕರು ಕೇಳಿದ್ದು ಅವನಿಗೆ ಕೇಳಿಸಲಿಲ್ಲ, ಉತ್ತರ ಹೇಳಲು ಅವನಿಗೆ ಬಾಯಿಯೂ ಇರಲಿಲ್ಲ.

ಮಕ್ಕಳ ಮೇಲೆ ಏಟು ಬಿದ್ದದ್ದನ್ನು ಕಂಡು ಇಡೀ ಊರು ಹೊರಗೆ ಬಂತು. ಮೇ 20ರ ಸಂಜೆ ಟ್ಯಾಕ್ಸಿ, ಬಸ್ಸಿನ ಚಾಲಕರು ನೂರಾರು ವಾಹನಗಳ ಲೈಟ್ ಹಾಕಿಕೊಂಡು ಸಾಲಾಗಿ ಸೇನೆಯ ಎದುರು ಬಂದರು. 21ರ ಮಧ್ಯಾಹ್ನ ಪ್ರಾಂತೀಯ ಕಚೇರಿಯ ಮುಂದೆ ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಆಸ್ಪತ್ರೆಗಳಲ್ಲಿ ರಕ್ತ ಸಾಲಲಿಲ್ಲ. ರಕ್ತ ಕೊಡಲು ಹೆಂಗಸರು, ಶಾಲೆಯ ಮಕ್ಕಳು ಸಾಲು ನಿಂತರು. ರಕ್ತ ಕೊಟ್ಟು ಹಿಂದೆ ಬರುತ್ತಿದ್ದ ಒಬ್ಬ ಹೈಸ್ಕೂಲು ಹುಡುಗಿ ಅದೇ ದಿನ ಗುಂಡಿಗೆ ಬಲಿಯಾದಳು. ಕೊನೆಗೆ ಜನರೂ ಠಾಣೆಗಳಿಂದ ಬಂದೂಕು ತಂದರು. ಸೇನೆ ಊರಿನ ಹೊರಗೆ ಹೋಗಿ ಸುತ್ತ ಮುತ್ತಿಗೆ ಹಾಕಿತು.

ಮುಷ್ಟಿ ಅನ್ನ

ಈಗ ನಮಗೆ ಸಂಬಂಧಪಟ್ಟ ಮಾತಿಗೆ ಬರ್ತೇನೆ. ಮೇ 22ರಿಂದ 26ರವರೆಗೆ ಆ ಊರಿನಲ್ಲಿ ಸರಕಾರವೂ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಏಳು ಲಕ್ಷಕ್ಕೂ ಹೆಚ್ಚು ಜನರ ಪಟ್ಟಣ. ಲೂಟಿ ಆಗಿರಬೇಕು ಅಂತ ನಾವು ಎಣಿಸ್ತೇವೆ. ಆಗಲಿಲ್ಲ. ಬ್ಯಾಂಕು ಒಡೆಯಲಿಲ್ಲ. ಇದ್ದದ್ದನ್ನು ಹಂಚಿಕೊಂಡರು. ಯಾಂಗ್‌ಡೊಂಗ್ ಮತ್ತು ಡೇಯಿನ್ ಮಾರುಕಟ್ಟೆಗಳಲ್ಲಿ ತರಕಾರಿ, ಮೀನು ಮಾರುವ ಹೆಂಗಸರು ಅಕ್ಕಿ ಒಟ್ಟು ಮಾಡಿ, ಬೀದಿಯಲ್ಲೇ ಒಲೆ ಹೂಡಿ, ಬಿಸಿ ಅನ್ನಕ್ಕೆ ಉಪ್ಪು ಹಾಕಿ ಕೈಯಲ್ಲಿ ಉಂಡೆ ಕಟ್ಟಿ ಹಂಚಿದರು. ಅಲ್ಲಿಯವರು ಅದಕ್ಕೆ ‘ಜುಮೋಕ್‌ಬಾಪ್’ ಅಂತಾರೆ. ಹಾಗೆಂದರೆ ಮುಷ್ಟಿ ಅನ್ನ. ನಮ್ಮ ಎಷ್ಟೋ ಸಂಘಗಳು ಹಿಡಿ ಅಕ್ಕಿಯಿಂದಲೇ ಶುರುವಾದವು, ಅಲ್ವಾ? ಆ ಹೆಂಗಸರು ಯಾರೂ ಭಾಷಣ ಮಾಡಿದವರಲ್ಲ. ಆದರೆ ಇವತ್ತು ಗ್ವಾಂಗ್‌ಜು ಎಂದರೆ ಜನರಿಗೆ ಮೊದಲು ನೆನಪಾಗುವುದರಲ್ಲಿ ಆ ಅನ್ನದ ಉಂಡೆಯೂ ಒಂದು.

ಮೇ 27ರ ನಸುಕಿನಲ್ಲಿ ಸೇನೆ ಟ್ಯಾಂಕುಗಳ ಜೊತೆ ಒಳಗೆ ಬಂತು. ಆ ಕತ್ತಲಲ್ಲಿ ಒಬ್ಬ ಹುಡುಗಿಯ ಸ್ವರ ಧ್ವನಿವರ್ಧಕದಲ್ಲಿ ಕೇಳಿಸುತ್ತಿತ್ತು. ಸೇನೆ ಬರುತ್ತಿದೆ, ನಮ್ಮನ್ನು ಮರೆಯಬೇಡಿ ಎಂದು ಊರಿನವರನ್ನು ಕೇಳಿಕೊಳ್ಳುತ್ತಿದ್ದಳು. ಮನೆಯೊಳಗೆ ದೀಪ ಆರಿಸಿ ಕೂತಿದ್ದವರು ಆ ಸ್ವರವನ್ನು ಜೀವಮಾನವಿಡೀ ಮರೆಯಲಿಲ್ಲ. ಪ್ರಾಂತೀಯ ಕಚೇರಿಯಲ್ಲಿ ಉಳಿದಿದ್ದವರಲ್ಲಿ ಹಲವರು ಬೆಳಗಾಗುವುದರೊಳಗೆ ಸತ್ತರು. ರಾತ್ರಿ ಶಾಲೆಯಲ್ಲಿ ಕಾರ್ಮಿಕರಿಗೆ ಅಕ್ಷರ ಕಲಿಸುತ್ತಿದ್ದ ಯೂನ್ ಸಾಂಗ್-ವನ್ ಅವರಲ್ಲಿ ಒಬ್ಬರು. ಸರಕಾರಿ ಲೆಕ್ಕದ ಪ್ರಕಾರವೇ ಆ ಹತ್ತು ದಿನಗಳಲ್ಲಿ ಸತ್ತ ನಾಗರಿಕರು 160ಕ್ಕೂ ಹೆಚ್ಚು. 70ಕ್ಕೂ ಹೆಚ್ಚು ಮಂದಿ ಕಾಣೆಯಾದರು. ಅವರ ಮನೆಯವರಿಗೆ ಹೂಳಲು ಒಂದು ಮೂಳೆಯೂ ಸಿಗಲಿಲ್ಲ.

ಮರೆಯಿರಿ ಎಂದರು

ಸಹೋದರಿಯರೇ, ಕೊಂದದ್ದು ಮೊದಲನೇ ಅನ್ಯಾಯ. ಎರಡನೇ ಅನ್ಯಾಯ ಆಮೇಲೆ ಶುರುವಾಯಿತು. ಸತ್ತವರನ್ನು ಗಲಭೆಕೋರರು ಎಂದರು, ಕಮ್ಯುನಿಸ್ಟರ ಏಜೆಂಟರು ಎಂದರು. ಹೆಣಗಳನ್ನು ಕಸದ ಲಾರಿಯಲ್ಲಿ ಮಾಂಗ್‌ವೊಲ್-ಡೊಂಗ್ ಸ್ಮಶಾನಕ್ಕೆ ಸಾಗಿಸಿದರು. ಪತ್ರಿಕೆಗಳ ಬಾಯಿ ಕಟ್ಟಿದರು. ಹಣದ ಆಸೆ ತೋರಿಸಿ, ಒತ್ತಡ ಹಾಕಿ, ಸಮಾಧಿಗಳನ್ನೇ ಅಲ್ಲಿಂದ ಬೇರೆ ಕಡೆಗೆ ತೆಗೆಸಲು ನೋಡಿದರು. ಮೇ ತಿಂಗಳು ಬಂತೆಂದರೆ ಪೊಲೀಸರು ಆ ತಾಯಂದಿರ ಮನೆ ಬಾಗಿಲಿಗೆ ಕಾವಲು ಕೂರುತ್ತಿದ್ದರು. ಕೆಲವರನ್ನು ವಾಹನದಲ್ಲಿ ಹಾಕಿ ದೂರದ ಊರಲ್ಲಿ ಬಿಟ್ಟು ಬರುತ್ತಿದ್ದರು. ಮಗನ ಸಮಾಧಿಗೆ ಹೂ ಇಡಲು ತಾಯಿಗೆ ಅನುಮತಿ ಇಲ್ಲ!

ಆ ತಾಯಂದಿರು ಏನು ಮಾಡಿದರು? ಅವರಲ್ಲಿ ಹೆಚ್ಚಿನವರು ಓದಿದವರಲ್ಲ. ಬೇಸಾಯ ಮಾಡುವವರು, ಸಂತೆಯಲ್ಲಿ ವ್ಯಾಪಾರ ಮಾಡುವವರು. ಅವರು ಸಂಘ ಕಟ್ಟಿದರು. ಬಿಳಿಯ ಸೂತಕದ ಬಟ್ಟೆ ಉಟ್ಟುಕೊಂಡು ಒಟ್ಟಿಗೆ ಬಂದು, ಒಟ್ಟಿಗೆ ಅತ್ತು, ಒಟ್ಟಿಗೆ ಕೇಳಿದರು: ನಮ್ಮ ಮಕ್ಕಳನ್ನು ಕೊಲ್ಲಲು ಅಪ್ಪಣೆ ಕೊಟ್ಟವರು ಯಾರು? ಒಬ್ಬಳೇ ಕೇಳಿದ್ದರೆ ಹುಚ್ಚಿ ಎನ್ನುತ್ತಿದ್ದರು. ಒಟ್ಟಿಗೆ ಕೇಳಿದಾಗ ಹೆದರಿದರು.

ಉಳಿದವರೂ ತಮ್ಮ ತಮ್ಮ ಪಾಲಿನ ನೆನಪನ್ನು ಕಾಪಾಡಿದರು. ಒಬ್ಬ ಗೃಹಿಣಿ ಡೈರಿ ಬರೆದಿಟ್ಟಳು, ಒಬ್ಬ ವಿದ್ಯಾರ್ಥಿ ಕರಪತ್ರ ಮುಚ್ಚಿಟ್ಟ. ಜರ್ಮನಿಯ ಪತ್ರಕರ್ತ ಯೂರ್ಗೆನ್ ಹಿಂಟ್ಸ್‌ಪೀಟರ್ ಒಬ್ಬ ಟ್ಯಾಕ್ಸಿ ಚಾಲಕನ ಸಹಾಯದಿಂದ ಒಳಗೆ ಹೋಗಿ ತೆಗೆದ ಚಿತ್ರಗಳನ್ನು ಕದ್ದು ಹೊರಗೆ ಸಾಗಿಸಿದರು. ಅಲ್ಲಿಯ ಕ್ಯಾಥೊಲಿಕ್ ಗುರು ಚೋ ಚುಲ್-ಹ್ಯುನ್, ಹೆಲಿಕಾಪ್ಟರಿನಿಂದ ಗುಂಡು ಹಾರಿಸಿದ್ದನ್ನು ನಾನು ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಿದರು. ಆ ಜನರಲ್ 2017ರಲ್ಲಿ ಬರೆದ ಪುಸ್ತಕದಲ್ಲಿ ಈ ಗುರುಗಳನ್ನು ಸುಳ್ಳುಗಾರ ಎಂದ. ಗುರುಗಳು ಅದಕ್ಕೆ ಮೊದಲೇ, 2016ರಲ್ಲಿ, ತೀರಿಹೋಗಿದ್ದರು. ಆದರೆ ಜೊನ್‌ಇಲ್ ಎಂಬ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ನೂರಾರು ಗುಂಡಿನ ಗುರುತುಗಳು ಸಿಕ್ಕಿದವು. 2020ರ ನವೆಂಬರಿನಲ್ಲಿ ನ್ಯಾಯಾಲಯ, ಗುರುಗಳು ಹೇಳಿದ್ದು ಸತ್ಯ, ಜನರಲ್ ಬರೆದದ್ದು ತಪ್ಪು ಎಂದು ತೀರ್ಪು ಕೊಟ್ಟಿತು.

ನ್ಯಾಯ ತಡವಾಗಿ ಬಂತು, ಪೂರ್ತಿ ಬರಲಿಲ್ಲ

1987ರಲ್ಲಿ ದೇಶವಿಡೀ ಜನ ಎದ್ದರು, ಚುನಾವಣೆ ಬಂತು. 1988ರಲ್ಲಿ ಪಾರ್ಲಿಮೆಂಟಿನ ವಿಚಾರಣೆಯನ್ನು ಟಿವಿಯಲ್ಲಿ ಎಲ್ಲರೂ ಕಂಡರು. 1996ರಲ್ಲಿ ಚುನ್ ಡೂ-ಹ್ವಾನ್‌ಗೆ ಮರಣದಂಡನೆ ಆಯಿತು, ಆಮೇಲೆ ಅದು ಜೀವಾವಧಿ ಆಯಿತು. 1997ರ ಕೊನೆಗೆ ಕ್ಷಮಾದಾನ ಕೊಟ್ಟು ಬಿಟ್ಟುಬಿಟ್ಟರು. ಅವನು 2021ರ ನವೆಂಬರಿನಲ್ಲಿ ಸತ್ತ. ಸಾಯುವವರೆಗೆ ಒಂದೇ ಒಂದು ಸಲ ತಪ್ಪಾಯಿತು ಎನ್ನಲಿಲ್ಲ. ಮೇ 18 ಈಗ ಅಲ್ಲಿ ರಾಷ್ಟ್ರೀಯ ಸ್ಮರಣೆಯ ದಿನ. 2011ರಲ್ಲಿ ಯುನೆಸ್ಕೋ ಆ ಡೈರಿ, ಫೋಟೋ, ಕಾಗದಗಳನ್ನೆಲ್ಲ ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿತು. ಗಲಭೆ ಎಂದು ಕರೆದದ್ದಕ್ಕೆ ಈಗ ಪ್ರಜಾಪ್ರಭುತ್ವದ ಹೋರಾಟ ಎಂದು ಹೆಸರು.

ಆದರೂ ಒಂದು ವಿಷಯದಲ್ಲಿ ಬಹಳ ಕಾಲ ಎಲ್ಲರೂ ಸುಮ್ಮನಿದ್ದರು. ಆ ದಿನಗಳಲ್ಲಿ ಸೈನಿಕರು ಹೆಂಗಸರ ಮೇಲೆ ಅತ್ಯಾಚಾರವನ್ನೂ ಮಾಡಿದ್ದರು. ಆ ಹೆಣ್ಣುಮಕ್ಕಳು ಗಂಡನಿಗೂ ಹೇಳಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. ಮೂವತ್ತೆಂಟು ವರ್ಷ ಕಳೆದ ಮೇಲೆ, 2018ರಲ್ಲಿ, ಸರಕಾರದ ತನಿಖೆ 17 ಪ್ರಕರಣಗಳನ್ನು ದೃಢಪಡಿಸಿತು. ಮೊದಲು ಒಬ್ಬಳು ಬಾಯಿಬಿಟ್ಟಳು, ಆಮೇಲೆ ಇನ್ನೊಬ್ಬಳಿಗೆ ಧೈರ್ಯ ಬಂತು. ಹೋರಾಟದ ನೆನಪಿನಲ್ಲಿಯೂ ಹೆಂಗಸಿನ ನೋವಿಗೆ ಕೊನೆಯ ಬೆಂಚೇ ಸಿಕ್ಕಿತು, ನೋಡಿ. ಇದನ್ನು ನಾವು ಗಮನಿಸಬೇಕು.

ನೆನಪಿನಿಂದ ಏನು ಪ್ರಯೋಜನ?

“ಸತ್ತವರು ಸತ್ತರು, ಹಳೆಯದನ್ನು ಕೆದಕಿ ಏನು ಸಿಗ್ತದೆ?” ಈ ಮಾತನ್ನು ನಾವು ಊರಿನಲ್ಲಿ ದಿನಾ ಕೇಳ್ತೇವೆ. ಉತ್ತರ ಅಲ್ಲಿಯೇ ಸಿಕ್ಕಿತು. 2024ರ ಡಿಸೆಂಬರ್ 3ರ ರಾತ್ರಿ ಅಲ್ಲಿಯ ಅಧ್ಯಕ್ಷ ಯೂನ್ ಸುಕ್-ಯೋಲ್ ಮತ್ತೆ ಮಿಲಿಟರಿ ಕಾನೂನು ಘೋಷಿಸಿದ. ಸೈನಿಕರು ಪಾರ್ಲಿಮೆಂಟಿಗೆ ಬಂದರು. ಆದರೆ ಜನ ಮಲಗಲಿಲ್ಲ. ಗ್ವಾಂಗ್‌ಜು ಅವರಿಗೆ ನೆನಪಿತ್ತು. ರಾತ್ರಿಯೇ ಓಡಿ ಬಂದು ಪಾರ್ಲಿಮೆಂಟಿನ ಮುಂದೆ ನಿಂತರು. ಕೆಲವೇ ಗಂಟೆಗಳಲ್ಲಿ ಸದಸ್ಯರು ಒಳಗೆ ಸೇರಿ ಆ ಕಾನೂನನ್ನು ರದ್ದು ಮಾಡಿದರು. 2025ರ ಏಪ್ರಿಲಿನಲ್ಲಿ ಆ ಅಧ್ಯಕ್ಷನ ಕುರ್ಚಿಯೂ ಹೋಯಿತು. ಗ್ವಾಂಗ್‌ಜುವಿನಲ್ಲಿ ಹುಟ್ಟಿದ, ಆ ಊರಿನ ಸತ್ತವರ ಬಗ್ಗೆ 2014ರಲ್ಲಿ ಕಾದಂಬರಿ ಬರೆದ ಹಾನ್ ಕಾಂಗ್ ಎಂಬ ಲೇಖಕಿಗೆ ಅದೇ ಡಿಸೆಂಬರಿನಲ್ಲಿ ನೊಬೆಲ್ ಪ್ರಶಸ್ತಿ ಪ್ರದಾನವಾಯಿತು. ನಲವತ್ತನಾಲ್ಕು ವರ್ಷ ಕಾಪಾಡಿದ ನೆನಪು ಒಂದು ರಾತ್ರಿ ಇಡೀ ದೇಶವನ್ನು ಕಾಪಾಡಿತು.

ನಮ್ಮ ನಡಾವಳಿ ಪುಸ್ತಕ

ಈಗ ನಮ್ಮ ವಿಷಯ. ನನಗೆ ಪರಿಚಯದ ಒಂದು ಸಂಘದಲ್ಲಿ ಒಬ್ಬಳು ಸದಸ್ಯೆಯ ಗಂಡ ಕೆಲಸದ ಜಾಗದಲ್ಲಿ ಬಿದ್ದು ತೀರಿಕೊಂಡ. ಪರಿಹಾರ ಕೇಳಲು ಹೋದಾಗ, ಅವನು ಆ ದಿನ ಕೆಲಸಕ್ಕೇ ಬಂದಿರಲಿಲ್ಲ ಎಂದರು. ಸಾಕ್ಷಿಗೆ ಬರ್ತೇನೆ ಎಂದವರು ಹಿಂದೆ ಸರಿದರು. ಉಳಿದದ್ದು ಸಂಘದ ನಡಾವಳಿ ಪುಸ್ತಕ ಮಾತ್ರ. ಅದೇ ವಾರದ ಸಭೆಯಲ್ಲಿ ಕಾರ್ಯದರ್ಶಿ, ಓದಿದ್ದು ಬರೀ ಐದನೇ ಕ್ಲಾಸು, ತಾರೀಕು ಹಾಕಿ ಬರೆದಿದ್ದಳು: ಇಂಥವಳ ಗಂಡ ಇಂಥ ಜಾಗದಲ್ಲಿ ಇಷ್ಟು ಹೊತ್ತಿಗೆ ಬಿದ್ದ, ಸದಸ್ಯರು ಹೋಗಿ ನೋಡಿದರು. ಕೆಳಗೆ ಹದಿನೈದು ಸಹಿ, ಎರಡು ಹೆಬ್ಬೆಟ್ಟು. ಆ ಒಂದು ಪುಟವೇ ಅವಳ ಪರವಾಗಿ ಮಾತಾಡಿತು.

ಆದ್ದರಿಂದ ಮೂರು ಮಾತು ಹೇಳಿ ಮುಗಿಸ್ತೇನೆ.

ಒಂದು: ಬರೆಯಿರಿ. ನಡಾವಳಿಯಲ್ಲಿ ಹಣದ ಲೆಕ್ಕ ಮಾತ್ರ ಸಾಲದು. ಊರಿನಲ್ಲಿ ಒಬ್ಬಳಿಗೆ ಅನ್ಯಾಯ ಆದರೆ ಅವಳ ಒಪ್ಪಿಗೆ ಕೇಳಿ, ತಾರೀಕು, ಜಾಗ ಹಾಕಿ, ಕಂಡದ್ದನ್ನು ಮಾತ್ರ ಬರೆಯಿರಿ. ಕೇಳಿದ ಸುದ್ದಿ ಬೇಡ.

ಎರಡು: ಒಟ್ಟಿಗೆ ನಿಲ್ಲಿರಿ. “ಮರೆತುಬಿಡು, ಮರ್ಯಾದೆ ಹೋಗ್ತದೆ” ಎಂದು ನೊಂದವಳಿಗೆ ಹೇಳುವವರಲ್ಲಿ ನಾವು ಒಬ್ಬರಾಗಬಾರದು. ಅವಳು ಮಾತಾಡಲು ಮೂವತ್ತೆಂಟು ವರ್ಷ ಕಾಯುವ ಹಾಗೆ ಆಗಬಾರದು.

ಮೂರು: ನೆನಪು ಬೇರೆ, ಹಗೆ ಬೇರೆ. 2023ರ ಮಾರ್ಚಿನಲ್ಲಿ ಆ ಜನರಲ್‌ನ ಮೊಮ್ಮಗ ಗ್ವಾಂಗ್‌ಜುವಿಗೆ ಬಂದ. ತನ್ನ ಅಜ್ಜ ಮಾಡಿದ್ದು ಪಾಪ ಎಂದು ಎಲ್ಲರ ಎದುರು ಮೊಣಕಾಲೂರಿದ. ತಾನು ತೊಟ್ಟಿದ್ದ ಕೋಟು ಬಿಚ್ಚಿ ಅದರಲ್ಲೇ ಸಮಾಧಿಗಳ ಕಲ್ಲು ಒರೆಸಿದ. ಮಗನನ್ನು ಕಳಕೊಂಡ ಆ ಮುದುಕಿಯರು ಅವನನ್ನು ಏನು ಮಾಡಿದರು ಗೊತ್ತಾ? ಅಪ್ಪಿಕೊಂಡರು. ನಲವತ್ತಮೂರು ವರ್ಷ ಅವರು ಕಾದದ್ದು ಸೇಡಿಗಲ್ಲ. ಹೌದು, ಇದು ನಡೆಯಿತು, ಇದು ತಪ್ಪು ಎಂಬ ಒಂದು ಮಾತಿಗೆ.

ಮುಂದಿನ ವಾರದ ಸಭೆಯಲ್ಲಿ ನಿಮ್ಮ ನಡಾವಳಿ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿ. ನಿಮ್ಮ ಸಂಘದ ಮೊದಲ ಸಭೆಗೆ ಬಂದವರ ಹೆಸರುಗಳನ್ನು ಗಟ್ಟಿಯಾಗಿ ಓದಿ. ಅವರಲ್ಲಿ ಈಗ ಇಲ್ಲದವರ ಬಗ್ಗೆ ಹೊಸ ಸದಸ್ಯೆಯರಿಗೆ ಎರಡು ಮಾತು ಹೇಳಿ. ಅಲ್ಲಿಂದ ಶುರು ಮಾಡೋಣ.