ಶಾಕಪ್ಪಿಗೆ ಹವಾ ಹಾಕೋ ಮುಂಚೆ

ಒಂದು ಮಾತು ಮೊದಲೇ ಹೇಳ್ತೀನಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಪೈಪು ಶಾಕಪ್ಪಿನ ವಾಲ್ವಿಗೆ ಹಚ್ಚಬ್ಯಾಡ್ರಿ.

ವಾಡಿ ಕಡಿ ನನಗೇ ಹಂಗಾಗ್ಯದ. ಗೆಳೆಯನ ದೊಡ್ಡ ಟೂರಿಂಗ್ ಗಾಡಿ, ಹಿಂದ ಸಾಮಾನು ಭಾಳ ಇತ್ತು. ಟೈರಿಗೆ ಹಾಕೋ ಪೈಪೇ ಶಾಕಪ್ಪಿಗೂ ಹಚ್ಚಿದೆ. ಕಣ್ಣು ಮುಚ್ಚಿ ತೆಗಿಯೋದ್ರಾಗ ಸೀಲ್ ಹೋಯ್ತು, ಎಣ್ಣಿ ಕಾಲ ಮ್ಯಾಲ ಸೋರ್ತು. ಎರಡೂ ವಾಲ್ವು ನೋಡ್ಲಿಕ್ಕ ಒಂದೇ ಥರ. ಆದ್ರ ಶಾಕಪ್ಪಿನ ಒಳಗ ಹವಾ ನಿಲ್ಲೋ ಜಾಗ ಭಾಳ ಸಣ್ಣದು. ನೂರು ಪಿಎಸ್‌ಐ ಮ್ಯಾಲಿನ ಕಂಪ್ರೆಸರ್ ಒಂದು ಸಲ ಉಸ್ ಅಂದ್ರ ಮುಗೀತು. ಅದಕ್ಕ ಸಣ್ಣ ಕೈ ಪಂಪೇ ಬೇಕು, ಕಡಿಮಿ ಪ್ರೆಶರ್ ತೋರ್ಸೋ ಗೇಜ್ ಇದ್ದದ್ದು.

ಇಂಥ ಹವಾ ಶಾಕಪ್ಪು ಹೊಸಾದೇನಲ್ಲ. 1980ರ ಹೋಂಡಾ ಗೋಲ್ಡ್ ವಿಂಗ್ ಜಿಎಲ್1100ಕ್ಕೇ ಇತ್ತು. ಹಾರ್ಲಿ ಟೂರಿಂಗ್ ಗಾಡಿಗಳಿಗೆ 2016ರ ಮಾಡೆಲ್ ತನಕ ಹಿಂದ ಬರ್ತಿತ್ತು. ಹವಾ ಅದುಮಿದಷ್ಟೂ ಬಿಗಿ ಆಗ್ತದ. ಹಂಗಾಗಿ ಸಣ್ಣ ಕುಣಿಗೆ ಮೆತ್ತಗ, ದೊಡ್ಡ ಕುಣಿಗೆ ಗಟ್ಟಿ.

ಹ್ಯಾಂಗ ಸೆಟ್ ಮಾಡೋದು? ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ ಮಾಡ್ರಿ. ನಮ್ಮ ಕಡಿ ಬಿಸಿಲು ಗೊತ್ತದಲ್ಲ. 25 ಡಿಗ್ರಿ ಇದ್ದಾಗ 25 ಪಿಎಸ್‌ಐ ಇಟ್ಟಿದ್ದು, ಒಳಗಿನ ಹವಾ 55 ಡಿಗ್ರಿ ಆದ್ರ 29ಕ್ಕ ಏರ್ತದ. ಮಧ್ಯಾಹ್ನ ಗೇಜ್ ನೋಡಿ ಹವಾ ಬಿಟ್ಟ್ರ, ಸಂಜಿ ತಂಪಿಗೆ ಶಾಕಪ್ಪು ಸೊರಗಿರ್ತದ.

ಶಹಾಬಾದ್ ಫರ್ಸಿ ಹಾಸಿದ ಅಂಗಳ ಇದ್ರ ಅಲ್ಲೇ ಗಾಡಿ ನಿಲ್ಲಸ್ರಿ, ನೆಲ ಸಮ ಇರ್ತದ. ವಾಲ್ವಿನ ಟೋಪಿ ತೆಗಿಯೋ ಮುಂಚೆ ಬಟ್ಟಿಲಿಂದ ಒರಸ್ರಿ. ಸಿಮೆಂಟ್ ಫ್ಯಾಕ್ಟರಿ ದಾರಿ ಧೂಳು ಒಳಗ ಹೊಕ್ಕ್ರ ವಾಲ್ವ್ ಸರಿ ಮುಚ್ಚಂಗಿಲ್ಲ. ಜಾಕ್ ಹಚ್ಚಿ ಹಿಂದಿನ ಚಕ್ರ ನೆಲ ಬಿಡೋತನ ಎತ್ರಿ. ಆಕ್ಸಲ್‌ಲಿಂದ ನೇರ ಮ್ಯಾಲಿನ ಮಡ್‌ಗಾರ್ಡಿನ ಒಂದು ಗುರುತಿನ ತನಕ ಟೇಪ್ ಹಿಡಿದು ಬರ್ಕೊಳ್ರಿ. ಆಮ್ಯಾಲ ಇಳಿಸಿ, ನೀವು ಕೂಡ್ರಿ, ಹಿಂದ ಕೂಡೋರು ಕೂಡ್ಲಿ, ಚೀಲ ಕಟ್ರಿ, ಮತ್ತ ಅಳೀರಿ. ಚಕ್ರದ ಓಡಾಟ 75 ಮಿಲಿಮೀಟರ್ ಇದ್ರ, ಸುಮಾರು 25 ಕೂತಿರಬೇಕು. ಅದಕ್ಕಿಂತ ಜಾಸ್ತಿ ಕೂತ್ರ ಎಲ್ಲಾರೂ ಇಳೀರಿ, ಎರಡೆರಡು ಪಿಎಸ್‌ಐ ಹಾಕಿ ನೋಡ್ರಿ. ಮ್ಯಾನುವಲ್ಲಿನಾಗಿನ ಕೊನಿ ಅಂಕಿ ಮಾತ್ರ ದಾಟಬ್ಯಾಡ್ರಿ. ಪಂಪ್ ತೆಗಿವಾಗ ಹವಾ ಚೂರು ಸೋರ್ತದ, ಅದನ್ನೂ ಲೆಕ್ಕಕ್ಕ ಇಟ್ಕೊಳ್ರಿ.

ಕಡಿಮಿ ಆದದ್ದು ರಾತ್ರಿ ಗೊತ್ತಾಗ್ತದ. ಹಿಂದ ಕುಸಿದು ಹೆಡ್‌ಲೈಟ್ ಮ್ಯಾಲೆದ್ದಿರ್ತದ, ಎದುರು ಬರೋ ಸಿಮೆಂಟ್ ಲಾರಿಯವ್ರು ಡಿಪ್ಪರ್ ಹೊಡೀತಾರ. ರೋಡಿನ ಹಂಪಿಗೆ ಧಡ್ ಅಂತದ. ಜಾಸ್ತಿ ಆದ್ರ ಚಿತ್ತಾಪುರ-ಸೇಡಂ ಕಡಿ ಒಡದ ಡಾಂಬರಿನ ಮ್ಯಾಲ ಹಿಂದಿನ ಚಕ್ರ ಪುಟಿತದ, ನೆಲ ಹಿಡಿಯಂಗಿಲ್ಲ. ಚಿಂಚೋಳಿ ದಾಟಿ ಕೊಂಚಾವರಂ ಕಾಡಿನ ತಿರುವಿನಾಗ ಹಂಗ ಪುಟಿದ್ರ ಅಪಾಯ. ಆ ದಾರಿಗೆ ಹೊಂಟ ದಿನ ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗಲೇ ಒಂದು ಸಲ ಗೇಜ್ ಹಿಡೀರಿ.

ನಿಮ್ಮ ಗಾಡಿ ಸ್ಪ್ಲೆಂಡರ್ ಇರಲಿ, ಬುಲೆಟ್ ಇರಲಿ, ಅದಕ್ಕ ಹವಾ ಹಾಕೋ ವಾಲ್ವ್ ಇಲ್ಲ. ಸ್ಪ್ರಿಂಗ್ ಕೆಳಗಿನ ಹಲ್ಲಿನ ರಿಂಗ್ ಅದ. ಪಾನಾ ಹಚ್ಚಿ ಒಂದು ಮನಿ ತಿರಗಸ್ರಿ, ಎರಡೂ ಬಾಜೂಕ ಒಂದೇ ಮನಿ ಇರ್ಲಿ. ತೊಗರಿ ಚೀಲ ಹೇರೋ ದಿನ ಬಿಗಿ, ಒಬ್ಬರೇ ಹೋಗೋ ದಿನ ಸಡಿಲು. ಹವಾ ಶಾಕಪ್ಪೂ ಹಂಗೇ. ಊರಿಂದ ಬಂದು ಸಾಮಾನು ಇಳಿಸಿದ ಮ್ಯಾಲ ಹವಾ ಇಳಸ್ರಿ, ಆದ್ರ ನಿಧಾನಕ್ಕ, ಚೂರು ಚೂರು. ಒಮ್ಮೆಲೆ ಬಿಟ್ಟ್ರ ಹವಾ ಜೋಡಿ ಎಣ್ಣಿನೂ ಹೊರಗ ಬರ್ತದ.