ಅಕ್ಷರ ಹಿಗ್ಗಲಿ, ಚುಕ್ಕೆ ಕುಗ್ಗದಿರಲಿ



ರಾಯಚೂರು ಜಿಲ್ಲೆಯ ಮೂರು ಊರುಗಳ ಹೆಸರನ್ನು ಬರೆದು ನೋಡಿ: ಸಿಂಧನೂರು, ಲಿಂಗಸುಗೂರು, ಮಸ್ಕಿ. ಮೊದಲನೆಯದರಲ್ಲಿ ‘ಧ’ ಅಕ್ಷರದ ಹೊಟ್ಟೆ ಸೀಳು, ಎರಡನೆಯದರಲ್ಲಿ ಸೊನ್ನೆಯ ಒಳಗಿನ ಬಯಲು, ಮೂರನೆಯದರಲ್ಲಿ ‘ಕ’ ಒತ್ತು. ಇವು ಮಸುಕಾದರೆ ಹೆಸರೇ ಕೆಡುತ್ತದೆ.

ಆ ಭಾಗದಲ್ಲಿ ಚಿತ್ರೀಕರಣ ಮುಗಿಸಿದ ಸಂಜೆ, ಲಿಂಗಸುಗೂರಿನ ಸ್ನೇಹಿತರ ಮನೆಯಲ್ಲಿ ನನ್ನ ಲ್ಯಾಪ್‌ಟಾಪನ್ನು 27 ಇಂಚಿನ 4ಕೆ ಮಾನಿಟರಿಗೆ ಜೋಡಿಸಿದೆ. ಶೀರ್ಷಿಕೆಗಳನ್ನು ತಿದ್ದಬೇಕಿತ್ತು. ಅಕ್ಷರಗಳೋ, ಇರುವೆ ಸಾಲು! ಅವರ ಮಗಳು, ಕಾಲೇಜು ವಿದ್ಯಾರ್ಥಿನಿ, “ಕಾಕಾ, ರೆಸಲ್ಯೂಷನ್ ಇಳಿಸಿದ್ರ ಆತು ನೋಡ್ರಿ” ಎಂದಳು. ಇಳಿಸಿದೆವು. ಅಕ್ಷರ ದೊಡ್ಡದಾಯಿತು, ಆದರೆ ‘ಧ’ದ ಸೀಳು ಮುಚ್ಚಿಕೊಂಡಿತು.

ಹೀಗೇಕೆ? ಆ ಪರದೆಯಲ್ಲಿ ಅಡ್ಡಲಾಗಿ 3840, ಮೇಲಿಂದ ಕೆಳಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳಿವೆ. ಇವೇ ಪಿಕ್ಸೆಲ್‌ಗಳು. ಇಂಚಿಗೆ ಸುಮಾರು 163. ವಿಂಡೋಸ್‌ನ ಶೇಕಡಾ 100ರ ಲೆಕ್ಕವಾದರೋ ಇಂಚಿಗೆ 96 ಚುಕ್ಕೆಗಳದು. ಆದ್ದರಿಂದಲೇ ಅಕ್ಷರ ಐದರಲ್ಲಿ ಮೂರು ಪಾಲಿಗೆ ಕುಗ್ಗಿ ಕಂಡಿತು. ರೆಸಲ್ಯೂಷನನ್ನು 1920, 1080ಕ್ಕೆ ಇಳಿಸಿದಾಗ ಕಂಪ್ಯೂಟರು ಕಳಿಸುವುದು ಸುಮಾರು 21 ಲಕ್ಷ ಚುಕ್ಕೆಗಳ ಚಿತ್ರವನ್ನು ಮಾತ್ರ. ಒಂದು ಚುಕ್ಕೆಯ ವಿವರವನ್ನು ನಾಲ್ಕರ ಜಾಗಕ್ಕೆ ಎಳೆದರೆ ಮಸುಕಾಗದೆ ಇದ್ದೀತೆ?

ಸರಿಯಾದ ದಾರಿ ಬೇರೆ. ರೆಸಲ್ಯೂಷನ್ ಪೂರ್ತಿಯಾಗಿಯೇ ಇರಲಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂದು ಹೋಗಿ. ಮೊದಲು ಹೊರಗಿನ ಮಾನಿಟರಿನ ಅಂಕಿಯನ್ನು ಆರಿಸಿ. ಅನಂತರ ‘ಸ್ಕೇಲ್’ ಅನ್ನು 150ಕ್ಕೆ ಏರಿಸಿ. ಈಗ ಪ್ರತಿ ಅಕ್ಷರವೂ ಹೆಚ್ಚು ಚುಕ್ಕೆಗಳಿಂದ ಹೊಸದಾಗಿ ಬರೆಯಲ್ಪಡುತ್ತದೆ. ಲ್ಯಾಪ್‌ಟಾಪಿನ ಪರದೆಗೆ ಅದರದೇ ಅಳತೆ ಉಳಿಯುತ್ತದೆ. 2013ರ ವಿಂಡೋಸ್ 8.1ರಿಂದ ಈ ಅನುಕೂಲವಿದೆ. ಎರಡೂ ಪರದೆಗಳು ‘ಎಕ್ಸ್‌ಟೆಂಡ್’ ಕ್ರಮದಲ್ಲಿರಬೇಕು, ಅಷ್ಟೆ. ಕೆಲವು ಹಳೆಯ ತಂತ್ರಾಂಶಗಳು ಮಸುಕಾಗಿ ಕಂಡರೆ ಅವನ್ನು ಮುಚ್ಚಿ ಮತ್ತೆ ತೆರೆದು ನೋಡಿ.

ಹುಡುಗಿ ಹಾಗೆಯೇ ಮಾಡಿದಳು. ‘ಸಿಂಧನೂರು’ ಸ್ಪಷ್ಟವಾಯಿತು, ‘ಮಸ್ಕಿ’ಯ ಒತ್ತು ಮೂಡಿತು.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಕೆಲವೇ ಅಕ್ಷರಗಳು ಅಳಿಯದೆ ಉಳಿದದ್ದರ ಫಲ ಇದು. ನಿಮ್ಮ ಪರದೆಯ ಮೇಲೂ ಕನ್ನಡದ ಒಂದು ಸೀಳು, ಒಂದು ಒತ್ತೂ ಅಳಿಯದಿರಲಿ.